ನಿಂತ ನೀರಿನ ಜಳಕ

ನಮ್ಮ ಅವ್ವಗೆ ಅರವತ್ತೆಂಟು ವರ್ಷ. ಎರಡೂ ಮೊಣಕಾಲು ಹಿಡಕೊಂಡುಬಿಟ್ಟಿವೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಮನಿಗೆ ಹೋಗುವ ಹತ್ತು ಹೆಜ್ಜೆಗೆ ಐದು ನಿಮಿಷ ಬೇಕು. ಬಿಸಿನೀರು ಮೈಮೇಲೆ ಬಿದ್ದ ನಂತರ ಅದೇ ಹತ್ತು ಹೆಜ್ಜೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಈ ನಾಲ್ಕು ನಿಮಿಷದ ಫರಕು ನನ್ನ ತಲೆಯೊಳಗೆ ಹುಳ ಬಿಟ್ಟಿತು. ನೀರು ಮೈಮೇಲಿಂದ ಹಾದುಹೋದರೇ ಇಷ್ಟು ಆರಾಮ ಆಗುತ್ತಲ್ಲ, ಅದರಲ್ಲೇ ಹದಿನೈದು ನಿಮಿಷ ಕೂತರೆ ಹೇಗೆ?

ಬೆಂಗಳೂರಿನ ಕೆಲಸವನ್ನ ಲ್ಯಾಪ್‌ಟಾಪಿನೊಳಗೆ ಹಾಕಿಕೊಂಡು ಧಾರವಾಡದ ಮನೆಗೆ ವಾಪಸ್ ಬಂದು ಆಗ ಎರಡು ವರ್ಷವಾಗಿತ್ತು. ಬೋನಸ್ ಬಂದಿತ್ತು. ಒಂದು ರಾತ್ರಿ ಕೂತು ಹಾಟ್ ಟಬ್‌ಗಳನ್ನೆಲ್ಲ ನೋಡಿ, ಫೋಟೋ ತೆಗೆದುಕೊಂಡು ಹೋಗಿ ಅವ್ವನ ಮುಂದೆ ಹಿಡಿದೆ. ಚಶ್ಮಾ ಏರಿಸಿ ನೋಡಿದಳು.

‘ಈ ನೀರ ದಿನಾ ಬದಲ ಮಾಡ್ತಾರೇನ?’

‘ಇಲ್ಲವ್ವಾ, ಎರಡ್ಮೂರು ತಿಂಗಳಿಗೊಮ್ಮೆ.’

‘ನಿಂತ ನೀರಾಗ ಮಂದಿ ಜಳಕಾ ಮಾಡ್ತಾರೇನಪಾ? ಎಮ್ಮಿ ಮಾಡ್ತಾವ.’

ಅಷ್ಟು ಹೇಳಿ ಚಶ್ಮಾ ತೆಗೆದಿಟ್ಟಳು. ಮಾತು ಮುಗಿಯಿತು. ಅವ್ವನ ಜೊತೆ ವಾದ ಮಾಡಬೇಕು ಅಂದರೆ ಓದಿಕೊಂಡೇ ಹೋಗಬೇಕು, ಹಾಗಾಗಿ ಓದೋಕೆ ಶುರುಮಾಡಿದೆ. ಓದುತ್ತ ಓದುತ್ತ ಗೊತ್ತಾಗಿದ್ದು, ಇತಿಹಾಸ ಅವಳ ಕಡೆಗೇ ಇದೆ.

ನಮ್ಮ ಕಡೆಯ ಜಳಕ ಅಂದರೆ ಹೊಯ್ದುಕೊಳ್ಳುವ ಜಳಕ. ಮೂಲೆಯಲ್ಲಿ ಒಲಿ, ಒಲಿಯ ಮೇಲೆ ಹುಗಿದು ಕೂಡಿಸಿದ ತಾಮ್ರದ ಹಂಡೆ, ಕೈಯಲ್ಲಿ ತಂಬಿಗಿ. ಅನುಕೂಲ ಇದ್ದವರ ಮನೆಯಲ್ಲಿ ನಡುವೆ ಕೊಳವಿ ಇರುವ ತಾಮ್ರದ ಬಂಬ. ನೀರು ತಲೆಯಿಂದ ಇಳಿದು, ಮೈ ತೊಳೆದು, ಕಲ್ಲಿನ ಮೇಲೆ ಹರಿದು, ಗೋಡೆಯ ತೂತಿನಿಂದ ಹಿತ್ತಲಿಗೆ ಹೋಗಿ ಬಾಳೆಗಿಡದ ಬುಡಕ್ಕೆ ಬೀಳುತ್ತಿತ್ತು. ಒಮ್ಮೆ ಮೈ ಮುಟ್ಟಿದ ನೀರು ತಿರುಗಿ ಮೈ ಮುಟ್ಟುತ್ತಿರಲಿಲ್ಲ. ರಾಜರ ಮನೆಯಲ್ಲೂ ಕ್ರಮ ಇದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ಪಟ್ಟಿಯೊಳಗೆ ಸ್ನಾನಭೋಗಕ್ಕೆ ಅದರದೇ ಭಾಗವಿದೆ. ಅಲ್ಲೂ ಮೊದಲು ಎಣ್ಣೆ, ಆಮೇಲೆ ಹೊಯ್ಯುವ ನೀರು. ಬೀದರ ಕೋಟೆಯೊಳಗಿನ ಶಾಹಿ ಹಮಾಮಿನಲ್ಲಿ ಈಗ ಮ್ಯೂಸಿಯಂ ಇದೆ. ಹಮಾಮಿನ ಪದ್ಧತಿಯೂ ನಿಂತ ನೀರಿನಲ್ಲಿ ಕೂರುವುದಲ್ಲ, ಬಿಸಿ ಕೋಣೆಯಲ್ಲಿ ಬೆವರಿ ಮೇಲಿಂದ ನೀರು ಹೊಯ್ದುಕೊಳ್ಳುವುದು. ಪುಷ್ಕರಣಿಯಲ್ಲಿ ಮುಳುಗು ಹಾಕುತ್ತಿದ್ದರು, ಖರೆ. ಆದರೆ ಅದು ಪುಣ್ಯಕ್ಕೆ, ಹೊಲಸು ತೊಳೆಯೋಕಲ್ಲ.

ಅಂದಮೇಲೆ ಬಿಸಿನೀರು ತುಂಬಿ, ಅದರಲ್ಲಿ ಕೂತು, ಎದ್ದುಹೋಗಿ, ಮರುದಿನ ಬಂದು ಅದೇ ನೀರಲ್ಲಿ ಕೂರುವ ಈ ಐಡಿಯಾ ಬಂದದ್ದೆಲ್ಲಿಂದ? ಜಪಾನಿನಲ್ಲಿ ಹಳೆಯ ರೂಢಿಯಿದೆ. ಅಲ್ಲಿ ಇಡೀ ಮನೆಮಂದಿ ಒಂದೇ ನೀರಿಗೆ ಇಳಿಯುತ್ತಾರೆ, ಅದಕ್ಕೇ ಹೊರಗೆ ಸ್ವಚ್ಛ ತೊಳೆದುಕೊಂಡ ಮೇಲೆಯೇ ಇಳಿಯುತ್ತಾರೆ. ಆದರೆ ನಾನು ನೋಡುತ್ತಿದ್ದ ಬುರುಬುರು ಗುಳ್ಳೆ ಏಳುವ ಟಬ್ಬಿನ ಕತೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಊರಲ್ಲಿ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಟಲಿಯಿಂದ ವಲಸೆ ಹೋದ ಏಳು ಜನ ಅಣ್ಣತಮ್ಮಂದಿರು, ಅಡ್ಡಹೆಸರು ಜಕೂಝಿ. ಮೊದಲು ಇವರು ಮಾಡುತ್ತಿದ್ದದ್ದು ವಿಮಾನದ ಕಟ್ಟಿಗೆ ಪ್ರೊಪೆಲ್ಲರ್. ಆಮೇಲೆ ಮುಚ್ಚಿದ ಕ್ಯಾಬಿನ್ ಇರುವ ವಿಮಾನವನ್ನೇ ಕಟ್ಟಿದರು. 1921ರಲ್ಲಿ ಆ ವಿಮಾನ ಬಿದ್ದು ಅಣ್ಣತಮ್ಮಂದಿರಲ್ಲಿ ಒಬ್ಬ ತೀರಿಕೊಂಡ. ಮನೆತನ ಆಕಾಶದ ಸಹವಾಸ ಬಿಟ್ಟು ನೆಲದಡಿಯ ನೀರಿನ ಕಡೆ ತಿರುಗಿತು. ಹಿರಿಯಣ್ಣ ರಾಕೆಲೆ 1926ರ ಹೊತ್ತಿಗೆ ಬಾವಿಗೆ ಹಾಕುವ ಜೆಟ್ ಪಂಪ್ ಮಾಡಿದ. ಹೌದು, ನಮ್ಮ ಮನೆಗಳ ಹಿತ್ತಲಲ್ಲಿ ಗುರ್ ಅನ್ನುವ ಜೆಟ್ ಪಂಪ್ ಅದೇ ಜಾತಿಯದು. ನೀರನ್ನು ಸಣ್ಣ ಮೂತಿಯಿಂದ ಜೋರಾಗಿ ಹಾಯಿಸಿದರೆ ಅಲ್ಲಿ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಪಕ್ಕದ ನೀರೂ ಎದ್ದುಬರುತ್ತದೆ. ವಿದ್ಯೆ ಇಷ್ಟೇ.

ತಮ್ಮಂದಿರಲ್ಲಿ ಕೊನೆಯವನು ಕಾಂಡಿಡೊ. ಅವನ ಮಗ ಕೆನೆತ್‌ಗೆ 1940ರ ದಶಕದಲ್ಲಿ, ಎರಡು ವರ್ಷ ತುಂಬುವುದರೊಳಗೇ ಸಂಧಿವಾತ ಹಿಡಿಯಿತು. ಆಸ್ಪತ್ರೆಯಲ್ಲಿ ಸುಳಿಯುವ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದರೆ ಹುಡುಗನಿಗೆ ಸ್ವಲ್ಪ ಹಗುರ ಅನ್ನಿಸುತ್ತಿತ್ತು. ದಿನಾ ಕರಕೊಂಡು ಹೋಗೋದು ಹೇಗೆ? ಪಂಪ್ ಮಾಡುವ ಮನೆತನವಲ್ಲವೇ, ಮನೆಯ ಸ್ನಾನದ ತೊಟ್ಟಿಯಲ್ಲೇ ಇಳಿಬಿಡುವ ಒಂದು ಪಂಪ್ ಮಾಡಿದರು. ಸಣ್ಣ ಮೂತಿಯಿಂದ ನೀರು ಹಾಯುವಾಗ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಗುಳ್ಳೆ ಏಳುತ್ತದೆ. ಅದು 1956ರಲ್ಲಿ ಜೆ-300 ಅನ್ನುವ ಹೆಸರಲ್ಲಿ ಮಾರಾಟಕ್ಕೆ ಬಂತು. ಜೆಟ್‌ಗಳನ್ನು ಗೋಡೆಯಲ್ಲೇ ಕೂಡಿಸಿದ ತೊಟ್ಟಿಯನ್ನು ಅದೇ ಮನೆತನದ ಮುಂದಿನ ತಲೆಮಾರಿನ ರಾಯ್ 1968ರಲ್ಲಿ ಮಾಡಿದ. ಶ್ರೀಮಂತರ ಷೋಕಿ, ಸಿನಿಮಾದವರ ಪಾರ್ಟಿ ಎಲ್ಲ ಶುರುವಾದದ್ದು ಅದರ ನಂತರ. ಮೂಲದಲ್ಲಿ ಅದು ಒಂದು ಮಗುವಿನ ಕೀಲುನೋವಿಗೆ ಅಪ್ಪ ಮಾಡಿದ ಉಪಾಯ. ರೋಗ ವಾಸಿಯಾಗಲಿಲ್ಲ, ಆದರೆ ನೋವು ಸ್ವಲ್ಪ ಹೊತ್ತು ಇಳಿಯುತ್ತಿತ್ತು.

ಈ ಕತೆಯನ್ನ ಅವ್ವಗೆ ಹೇಳಿದೆ. ಗುಳ್ಳೆಯ ಬಗ್ಗೆ ಏನೂ ಕೇಳಲಿಲ್ಲ. ‘ಆ ಹುಡುಗಗ ಎಷ್ಟ ವರ್ಷ ಅಂದಿ?’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನನ್ನ ಕಾಲೇನ ರೋಗದಿಂದ ಹೋಗಿಲ್ಲಪಾ, ನೀರ ಹಿಡದ ಹಿಡದ ಹ್ವಾದ್ವು’ ಅಂದಳು.

ಡಾಕ್ಟರು ಇದನ್ನ ಒಪ್ಪುತ್ತಾರೋ ಇಲ್ಲವೋ, ನಮ್ಮ ಅವಳಿ ನಗರದಲ್ಲಿ ಅವಳ ವಯಸ್ಸಿನ ಯಾವ ಹೆಂಗಸನ್ನ ಕೇಳಿದರೂ ಹೌದೌದು ಅನ್ನುತ್ತಾರೆ. ಈ ಊರಿನ ನೀರಿನ ಕತೆ ಅಂದರೆ ದೂರ ಹೋಗುತ್ತಲೇ ಇರುವ ಕತೆ. ಒಂದು ಕಾಲಕ್ಕೆ ಹುಬ್ಬಳ್ಳಿಗೆ ಉಣಕಲ್ಲ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ. ಕೆಲಗೇರಿಯ ಮಾತು ಬಂದರೆ ಊರವರು ಇವತ್ತಿಗೂ ವಿಶ್ವೇಶ್ವರಯ್ಯನವರ ಹೆಸರು ತೆಗೆಯುತ್ತಾರೆ. ಊರು ಬೆಳೆದಂತೆ 1950ರ ದಶಕದಲ್ಲಿ ಕಲಘಟಗಿ ಕಡೆಯ ನೀರಸಾಗರ ಬಂತು. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆದ ಮೇಲೆ ಅದೂ ಸಾಲದಾಯಿತು. ಆಮೇಲೆ ಸವದತ್ತಿ ಹತ್ತಿರದ ಮಲಪ್ರಭೆಯ ರೇಣುಕಾಸಾಗರದಿಂದ ನೀರೆತ್ತಿ, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ ತರುವ ವ್ಯವಸ್ಥೆ ಆಯಿತು. ಕಣ್ಣೆದುರಿನ ಕೆರೆಯಿಂದ ಕಾಣದ ನದಿಗೆ, ಐವತ್ತರವತ್ತು ವರ್ಷದಲ್ಲಿ.

ನಾನು ಸಣ್ಣವನಿದ್ದಾಗ ನಮ್ಮ ನಲ್ಲಿಗೆ ಐದು ದಿನಕ್ಕೊಮ್ಮೆ, ಬ್ಯಾಸಗ್ಯಾಗ ಎಂಟು ದಿನಕ್ಕೊಮ್ಮೆ ನೀರು. ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ಓಣಿಯಲ್ಲಿ ಮೊದಲು ಎಚ್ಚರಾದವರು ‘ನೀರ ಬಂತ್ರೀ’ ಅಂತ ಕೂಗಿದರೆ ಎಲ್ಲ ಮನೆಯ ಲೈಟು ಹತ್ತುತ್ತಿದ್ದವು. ಅವ್ವ ಕುಡಿಯೋ ನೀರು ಬ್ಯಾರೆ, ಅಡಿಗಿದು ಬ್ಯಾರೆ, ಬಳಸೋದು ಬ್ಯಾರೆ ಅಂತ ಕೊಡ, ಪಿಪಾಯಿ, ಸಿಂಟೆಕ್ಸು, ಕೊನೆಗೆ ಹಾಲಿನ ಪಾತ್ರೆಯವರೆಗೂ ತುಂಬಿಸುತ್ತಿದ್ದಳು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸುವುದು, ಕೆಂಪು ಇದ್ದರೆ ಪಟಕ ಆಡಿಸುವುದು, ಕೈ ಅದ್ದದಂತೆ ಉದ್ದ ಹಿಡಿಯ ಸೌಟು ಇಡುವುದು, ಮುಚ್ಚಳ ತೆರೆದಿಟ್ಟವರಿಗೆ ಬೈಯುವುದು. ಎಂಟು ದಿನ ನೀರು ಕೆಡದಂತೆ ಕಾಯುವ ವಿದ್ಯೆ ಅದು. ಹೊಸ ನೀರು ಬಂದ ದಿನ ಉಳಿದ ಹಳೆ ನೀರೆಲ್ಲ ಅರಿವಿ ತೊಳೆಯೋಕೆ, ಗಿಡಕ್ಕೆ.

ಈಗ ಬರ್ಕ್‌ಲಿಗೆ ವಾಪಸ್ ಬರುತ್ತೇನೆ. ವಿಶ್ವಬ್ಯಾಂಕಿನ ಸಾಲದ ಒಂದು ಯೋಜನೆಯಲ್ಲಿ 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಮಾತ್ರ 24 ತಾಸೂ ನೀರು ಬರತೊಡಗಿತು. ಒಂದೇ ಊರು, ಒಂದೇ ನದಿ. ಆದರೆ ಒಂದು ಓಣಿಗೆ ಸದಾ ನೀರು, ಪಕ್ಕದ ಓಣಿಗೆ ವಾರಕ್ಕೊಮ್ಮೆ. ಹೋಲಿಸಿ ನೋಡೋಕೆ ಇಂಥ ಊರು ಜಗತ್ತಿನಲ್ಲೇ ಅಪರೂಪ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಇಲ್ಲಿನ ನಲ್ಲಿಗಳ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಸದಾ ನೀರಿರುವ ನಲ್ಲಿಗಳ ಮಾದರಿಗಳಲ್ಲಿ ಇ. ಕೋಲಿ ಸಿಕ್ಕಿದ್ದು ಶೇಕಡ 1ಕ್ಕೂ ಕಡಿಮೆ. ಬಿಟ್ಟುಬಿಟ್ಟು ಬರುವ ನಲ್ಲಿಗಳಲ್ಲಿ ಶೇಕಡ 30ರ ಆಸುಪಾಸು. ನೀರು ನಿಂತ ಹೊತ್ತಿನಲ್ಲಿ ಖಾಲಿ ಪೈಪು ತನ್ನ ಬಿರುಕುಗಳಿಂದ ಸುತ್ತಲಿನ ಹೊಲಸನ್ನ ಒಳಗೆ ಎಳೆದುಕೊಳ್ಳುತ್ತದೆ. ಅದೇ ಬರ್ಕ್‌ಲಿಯ ಬಳಗದಿಂದ 2011ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ‘ನೆಕ್ಸ್ಟ್‌ಡ್ರಾಪ್’ ಅನ್ನುವ ಸ್ಟಾರ್ಟಪ್ಪೂ ಶುರುವಾಯಿತು. ವಾಲ್ವ್‌ಮನ್ ಫೋನ್ ಮಾಡಿ ಇಂಥ ಓಣಿಗೆ ನೀರು ಬಿಡುತ್ತೇನೆ ಅಂದರೆ, ಆ ಓಣಿಯವರಿಗೆ ಎಸ್ಸೆಮ್ಮೆಸ್ ಬರುತ್ತಿತ್ತು. ರಾತ್ರಿ ಎರಡಕ್ಕೆ ಕೂಗುವ ಕೆಲಸವನ್ನ ಮೊಬೈಲು ವಹಿಸಿಕೊಂಡಿತು ಅನ್ನಿ.

ಒಂದೇ ಊರಿಂದ ಜಗತ್ತಿಗೆ ಬಿಸಿನೀರಿನ ಷೋಕಿಯೂ ಹೋಯಿತು, ನಮ್ಮ ನಲ್ಲಿಯ ಲೆಕ್ಕವೂ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇದು: ಹಾಟ್ ಟಬ್ ಕೊಳ್ಳುವುದು ಅಂದರೆ ಒಂದು ತೊಟ್ಟಿ ಕೊಳ್ಳುವುದಲ್ಲ, ನೀರು ಕಾಯುವ ಒಂದು ನೌಕರಿ ಕೊಳ್ಳುವುದು. ಆ ನೌಕರಿಯಲ್ಲಿ ನಮ್ಮ ಅವ್ವನಷ್ಟು ಅನುಭವ ಯಾರಿಗಿದೆ?

ಕಾಯದಿದ್ದರೆ ಏನಾಗುತ್ತದೆ ಅನ್ನೋಕೆ 1999ರ ಒಂದು ಘಟನೆ ಸಾಕು. ನೆದರ್‌ಲ್ಯಾಂಡ್ಸಿನ ಬೋವೆನ್‌ಕಾರ್ಸ್‌ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆಂದು ಒಂದು ಹಾಟ್ ಟಬ್ ಚಾಲೂ ಮಾಡಿ ಇಟ್ಟಿದ್ದರು. ಅದರ ನೀರಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆದಿತ್ತು. ಗುಳ್ಳೆ ಒಡೆದು ಎದ್ದ ಸಣ್ಣ ಹನಿಗಳ ಜೊತೆ ಅದು ಪಕ್ಕದಲ್ಲಿ ಹಾದುಹೋದವರ ಶ್ವಾಸಕೋಶ ಸೇರಿತು. ಟಬ್ಬಿಗೆ ಇಳಿಯದ ಜನ, ಬರೀ ಹೂವು ನೋಡೋಕೆ ಬಂದವರು. ಮೂವತ್ತರ ಆಸುಪಾಸು ಮಂದಿ ಸತ್ತರು. ಎಮ್ಮೆಯ ಮಾತು ಹೇಳಿದಾಗ ಅವ್ವಗೆ ಈ ಸುದ್ದಿ ಗೊತ್ತಿರಲಿಲ್ಲ, ಆದರೆ ಗೊತ್ತಿದ್ದವರಂತೆಯೇ ಹೇಳಿದ್ದಳು.

ಹಾಗಾಗಿ ಆಯ್ಕೆಯ ಲೆಕ್ಕ ಮೊದಲಿಂದ ಶುರುಮಾಡಿದೆ. ನಿಮ್ಮಲ್ಲೂ ಯಾರಿಗಾದರೂ ಈ ಹುಳ ಹೊಕ್ಕಿದ್ದರೆ ಉಪಯೋಗಕ್ಕೆ ಬರಲಿ.

ಮೊದಲು ಜಾಗ. ನನ್ನ ಕನಸು ಟೆರೇಸು, ಸಂಜೆಯ ತಂಪುಗಾಳಿ. ನಾಲ್ಕು ಜನರ ಟಬ್ಬಿಗೆ 1,200 ಲೀಟರ್ ನೀರು, ಅಂದರೆ 1,200 ಕಿಲೋ. ಟಬ್ಬು, ಮಂದಿ ಎಲ್ಲ ಸೇರಿದರೆ 1,750. ಎರಡು ಮೀಟರ್ ಚೌಕದಲ್ಲಿ ಅದನ್ನ ಇಟ್ಟರೆ ಚದರ ಮೀಟರಿಗೆ 440 ಕಿಲೋ ಹತ್ತಿರ. ಜನ ಓಡಾಡುವ ಟೆರೇಸಿಗೆ ಭಾರತೀಯ ಮಾನಕ ಹಿಡಿಯುವ ಭಾರ ಸುಮಾರು 150. ಎಂಜಿನಿಯರ್ ಗೆಳೆಯ ನಕ್ಕು, ‘ಕೆಳಗ ಅಡಿಗಿಮನಿ ಅದ ಹೌದಿಲ್ಲೋ?’ ಅಂದ. ಟೆರೇಸು ಬಿಟ್ಟೆ.

ಎರಡನೆಯದು ಅಳತೆ. ಇಳಿಯುವವಳು ಒಬ್ಬಳು. ಹಾಗಾಗಿ 800 ಲೀಟರಿನ ಇಬ್ಬರ ಟಬ್ಬು, ಮೆಟ್ಟಿಲು ಮತ್ತು ಹಿಡಿಕೆ ಸಮೇತ. ಗಾಳಿ ತುಂಬುವ ಟಬ್ಬು ಅಗ್ಗ, ಆದರೆ ಅಂಚು ಮೆತ್ತಗೆ. ಮೊಣಕಾಲು ನೋವಿನವರು ಊರಿಕೊಂಡು ಏಳೋಕೆ ಗಟ್ಟಿ ಅಂಚೇ ಬೇಕು. 22 ಡಿಗ್ರಿಯ 800 ಲೀಟರನ್ನು 38ಕ್ಕೆ ಏರಿಸೋಕೆ ಸುಮಾರು 15 ಯೂನಿಟ್ ಕರೆಂಟು, 3 ಕಿಲೋವ್ಯಾಟ್ ಹೀಟರಿಗೆ ಐದು ತಾಸು. ಆಮೇಲೆ ಬಿಸಿ ಉಳಿಸೋದು ದಪ್ಪ ಮುಚ್ಚಳದ ಕೆಲಸ. ಟಬ್ಬಿನಲ್ಲಿ ಮುಚ್ಚಳಕ್ಕಿಂತ ಮುಖ್ಯವಾದ ಭಾಗ ಇಲ್ಲ. ಅವ್ವ ಇದನ್ನ ಮೊದಲೇ ಹೇಳಿದ್ದಳು, ಬೇರೆ ಪಾತ್ರೆಗಳ ಬಗ್ಗೆ.

ಮೂರನೆಯದು ನೀರು. ಅವ್ವನ ಮನಸ್ಸು ತಿರುಗಿದ್ದು ಇಲ್ಲೇ. ನಾನು ಇನ್ನೊಂದು ದಾರಿಯನ್ನೂ ಇಟ್ಟಿದ್ದೆ: 300 ಲೀಟರಿನ ಸಾದಾ ತೊಟ್ಟಿ, ಪ್ರತಿ ಸಲ ಹೊಸ ನೀರು, ಎದ್ದ ಮೇಲೆ ಗಿಡಕ್ಕೆ ಬಿಡುವುದು. ನಮ್ಮ ಪದ್ಧತಿಗೆ ಸರಿ ಹೊಂದುತ್ತದೆ. ಆದರೆ ವಾರಕ್ಕೆರಡು ಸಲ ಅಂದರೂ 70 ದಿನಕ್ಕೆ 6,000 ಲೀಟರ್. ಹಾಟ್ ಟಬ್ಬಿನ ಲೆಕ್ಕ ಬೇರೆ: ಲೀಟರನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ, ಮತ್ತೆ 11ರಿಂದ ಭಾಗಿಸಿದರೆ ಎಷ್ಟು ದಿನಕ್ಕೆ ನೀರು ಬದಲಿಸಬೇಕು ಅನ್ನೋದು ಹೆಚ್ಚುಕಮ್ಮಿ ಸಿಗುತ್ತದೆ. ಒಬ್ಬರಿಗೆ 800 ಲೀಟರ್ 70 ದಿನ. ನಡುವೆ ಆರಿಹೋದದ್ದನ್ನ ತುಂಬಿದರೂ ಸಾವಿರ ದಾಟುವುದು ಕಷ್ಟ.

ಅವ್ವ ಬೆರಳ ಮೇಲೆ ಎರಡೆರಡು ಸಲ ಎಣಿಸಿದಳು. ‘ಆರ ಸಾವಿರ ಎಲ್ಲಿ, ಒಂದ ಸಾವಿರ ಎಲ್ಲಿ!’ ನೀರು ಚೆಲ್ಲುವ ಪಾಪ ಮುಂದೆ ಬಂದಾಗ ಎಮ್ಮೆಯ ಮಾತು ಹಿಂದೆ ಸರಿಯಿತು. ‘ಆದ್ರ ನೀರ ನಾ ನೋಡ್ಕೋತೀನಿ, ನಿನ್ನ ಕೈಯಾಗ ಕೊಡಂಗಿಲ್ಲ’ ಅಂದಳು.

ಈಗ ಟಬ್ಬು ಹಿತ್ತಲಲ್ಲಿ, ಹಳೆಯ ಹಂಡೆಯ ಒಲಿ ಇದ್ದ ಜಾಗದಲ್ಲೇ, ಕಾಂಕ್ರೀಟಿನ ಹಾಸಿನ ಮೇಲೆ ಕೂತಿದೆ. ನಮ್ಮ ಬೋರಿನ ನೀರಿನ ಗಡಸುತನ 480 ಮಿಲಿಗ್ರಾಂ. ಟಬ್ಬಿಗೆ ಬೇಕಾದ್ದು 150ರಿಂದ 250. ಗಡಸು ನೀರು ಕಾದರೆ ಹೀಟರಿನ ಮೇಲೆ ಸುಣ್ಣ ಕಟ್ಟುತ್ತದೆ, ಹಂಡೆಯ ತಳದಲ್ಲಿ ಕಟ್ಟುತ್ತಿತ್ತಲ್ಲ ಹಾಗೆ. ಅದಕ್ಕೇ ಅರ್ಧ ಬೋರು, ಅರ್ಧ ಸೋಸಿದ ಮಳೆನೀರು. ಕ್ಲೋರಿನ್ 3 ಪಿಪಿಎಂಗಿಂತ ಕೆಳಗೆ ಇಳಿಯಬಾರದು, ಪಿಎಚ್ 7.2ರಿಂದ 7.8ರೊಳಗೆ ಇರಬೇಕು, ಕ್ಷಾರೀಯತೆ 80ರಿಂದ 120. ಪಿಎಚ್ 8ಕ್ಕೆ ಏರಿದರೆ ಹಾಕಿದ ಕ್ಲೋರಿನ್ನಿನಲ್ಲಿ ಕೆಲಸಕ್ಕೆ ಬರೋದು ನಾಲ್ಕರಲ್ಲಿ ಒಂದು ಪಾಲು ಮಾತ್ರ, ಮತ್ತು ಗುಳ್ಳೆ ಎಬ್ಬಿಸಿದಷ್ಟೂ ಪಿಎಚ್ ಏರುತ್ತದೆ. ಬಿಸಿನೀರಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಹಾಗಾಗಿ ಇಳಿಯುವ ಮೊದಲು ಪ್ರತಿ ಸಲ ಪಟ್ಟಿ ಅದ್ದಿ ನೋಡಬೇಕು. ಫಿಲ್ಟರು ವಾರಕ್ಕೊಮ್ಮೆ ತೊಳೆಯಬೇಕು. ಬ್ಲೀಚಿಂಗ್ ಪೌಡರ್ ಹಾಕಬಾರದು, ಅದರಲ್ಲಿರುವುದೂ ಸುಣ್ಣವೇ. ಬಿಸಿ 40 ಡಿಗ್ರಿ ದಾಟಬಾರದು, ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಬಿಪಿ ಇರುವವರು ಡಾಕ್ಟರನ್ನ ಕೇಳದೆ ಇಳಿಯಬಾರದು. ನೀರು ಬದಲಿಸುವ ಮೊದಲು ಎರಡು ಮೂರು ದಿನ ಕ್ಲೋರಿನ್ ಹಾಕದೆ ಬಿಟ್ಟು, ಪಟ್ಟಿಯಲ್ಲಿ ಸೊನ್ನೆ ಬಂದ ಮೇಲೆ ಬಾಳೆಗಿಡಕ್ಕೆ.

ಇದೆಲ್ಲ ನಾನು ಎಕ್ಸೆಲ್ ಶೀಟಿನಲ್ಲಿ ಹಾಕಿದ್ದೆ. ಅವ್ವ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ ಬರೆಯುತ್ತಾಳೆ. ಎರಡು ವಾರದ ನಂತರ ನನ್ನ ಶೀಟು ನಿಂತುಹೋಯಿತು. ಕ್ಯಾಲೆಂಡರು ನಡೆದಿದೆ. ಪಟ್ಟಿಯ ಬಣ್ಣ ನೋಡುವ ಮೊದಲೇ ನೀರಿನ ವಾಸನೆಯ ಮೇಲೆ ‘ಇವತ್ತ ಕಡಿಮಿ ಅದ’ ಅನ್ನುತ್ತಾಳೆ, ಸಾಮಾನ್ಯವಾಗಿ ಸರಿಯಿರುತ್ತದೆ. ಮೊಣಕಾಲು ಹೊಸದಾಗಿಲ್ಲ. ಆದರೆ ಬೆಳಗಿನ ಹತ್ತು ಹೆಜ್ಜೆ ಈಗ ಮೂರು ನಿಮಿಷದ್ದು.

ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತಿ, ಹೊಸ ನೀರು ತುಂಬಿಡುತ್ತಾರೆ. ಗೀಜರ್ ಬಂದ ಮೇಲೆ ನಮ್ಮ ಮನೆಯಲ್ಲಿ ಅದು ಒಂದು ಸ್ಟೀಲ್ ಬಕೆಟ್ಟಿಗೆ ಇಳಿದಿತ್ತು. ಹೋದ ವರ್ಷ ಹಬ್ಬದ ಹೊತ್ತಿಗೆ ಸರಿಯಾಗಿ ಟಬ್ಬಿನ ನೀರಿನ 70 ದಿನ ಮುಗಿಯುವಂತೆ ಅವ್ವ ಮೊದಲೇ ಲೆಕ್ಕ ಹಾಕಿದ್ದಳು. ಸಂಜೆ ಹೊಸ ನೀರು ತುಂಬಿಸಿ, ಅಕ್ರಿಲಿಕ್ ಅಂಚಿಗೆ ಬಳ್ಳಿ ಸುತ್ತಿ, ಕಂಟ್ರೋಲ್ ಪ್ಯಾನೆಲ್ಲಿಗೆ ಕುಂಕುಮ ಹಚ್ಚಿದಳು.

ಮರುದಿನ ಬೆಳಗಿನ ಜಾವ ಅಕ್ಕನ ಮಕ್ಕಳು ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಸೀದಾ ಹಿತ್ತಲಿಗೆ ಓಡಿದರು. ಎಣ್ಣೆ ಬಿದ್ದರೆ ಫಿಲ್ಟರು ಕಟ್ಟುತ್ತದೆ, ಕ್ಲೋರಿನ್ನೆಲ್ಲ ಅದಕ್ಕೇ ಖರ್ಚಾಗುತ್ತದೆ. ಮೆಟ್ಟಿಲ ಹತ್ತಿರ ಅವ್ವ ಕುರ್ಚಿ ಹಾಕಿಕೊಂಡು ಕೂತಿದ್ದಳು, ಒಂದು ಕೈಯಲ್ಲಿ ಪರೀಕ್ಷೆಯ ಪಟ್ಟಿ, ಇನ್ನೊಂದರಲ್ಲಿ ತಂಬಿಗಿ.

‘ಮೊದಲ ಬಚ್ಚಲಕ್ಕ ನಡೀರಿ. ಶೀಗಿಕಾಯಿ ಹಚ್ಕೊಂಡ ಎರಡೆರಡ ಕೊಡ ಹೊಯ್ಕೊಂಡ ಬರ್ರಿ. ಎಪ್ಪತ್ತ ದಿನಾ ಕಾಯೂ ನೀರದು.’